ಗ್ರಹಾಂ ಗ್ರೀನ್ ಮತ್ತು ಮೈಸೂರಿನ ನಾರಾಯಣ್ ಮನೆತನದ ಪತ್ರವ್ಯವಹಾರ

ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ (1904–1991) ಮತ್ತು ಮೈಸೂರಿನ ಆರ್.ಕೆ. ನಾರಾಯಣ್ (1906–2001) ನಡುವೆ 1930ರ ದಶಕದ ಮಧ್ಯಭಾಗದಲ್ಲಿ ಶುರುವಾಗಿ ಗ್ರೀನ್ ಅವರ ಕೊನೆಗಾಲದವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ಪತ್ರವ್ಯವಹಾರ. ಭಾರತೀಯ ಇಂಗ್ಲಿಷ್ ಕಾದಂಬರಿಯ ಇತಿಹಾಸಕ್ಕೆ ಇದೊಂದು ಮುಖ್ಯ ಆಕರ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾಗಿದ್ದು, ಲೇಖಕರ ಹೆಸರು ಇಂದು ನಾವು ಬಲ್ಲ ರೂಪ ಪಡೆದದ್ದು, ‘ದಿ ಗೈಡ್’ ಕಾದಂಬರಿಯ ನಾಯಕನ ಗತಿ ತೀರ್ಮಾನವಾದದ್ದು, ಎಲ್ಲದರ ಹಿಂದೆಯೂ ಈ ಸ್ನೇಹವಿದೆ. ಕಾಗದಗಳು ಬಂದು ತಲುಪುತ್ತಿದ್ದ ಮೈಸೂರಿನ ಮನೆ ನಾರಾಯಣ್ ಅವರ ತಮ್ಮ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ (1921–2015) ಬೆಳೆದ ಮನೆಯೂ ಹೌದು. ಆದ್ದರಿಂದ ಇದನ್ನು ಇಬ್ಬರು ಬರಹಗಾರರ ವ್ಯವಹಾರವೆಂದು ಮಾತ್ರ ನೋಡದೆ, ಒಂದು ಕಲಾವಂತ ಕುಟುಂಬಕ್ಕೂ ದೂರದ ಕಾದಂಬರಿಕಾರನಿಗೂ ಬೆಳೆದ ನಂಟೆಂದು ಓದಿದರೆ ಹೆಚ್ಚಿನ ಅರ್ಥ ಸಿಗುತ್ತದೆ.

ಮನೆ ಮತ್ತು ಅಂಚೆ

ನಾರಾಯಣ್ ಹುಟ್ಟಿದ್ದು ಮದರಾಸಿನಲ್ಲಿ. ಬಾಲ್ಯದ ಬಹುಭಾಗ ಕಳೆದದ್ದು ಅಲ್ಲಿಯ ಪುರಸವಾಕಂನಲ್ಲಿ, ಅಜ್ಜಿಯ ಆಸರೆಯಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದ ಮೇಲೆ ಮಗನೂ ಮೈಸೂರಿಗೆ ಬಂದರು. 1930ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಪಡೆದರು. ಮನೆಮಾತು ತಮಿಳು, ಊರಿನ ಮಾತು ಕನ್ನಡ, ಓದಿನ ಮಾತು ಇಂಗ್ಲಿಷ್. ಆರು ಜನ ಗಂಡುಮಕ್ಕಳಲ್ಲಿ ಲಕ್ಷ್ಮಣ್ ಕೊನೆಯವರು. ಅಣ್ಣನಿಗೂ ಅವರಿಗೂ ಹದಿನೈದು ವರ್ಷಗಳ ಅಂತರ.

ಗ್ರೀನ್ ಹೆಸರು ಕೇಳುವ ಮೊದಲೇ ಆ ಮನೆಗೆ ಇಂಗ್ಲೆಂಡಿನ ಅಂಚೆ ಬರುತ್ತಿತ್ತು. ‘ಸ್ಟ್ರ್ಯಾಂಡ್’, ‘ಪಂಚ್’, ‘ಬೈಸ್ಟ್ಯಾಂಡರ್’, ‘ಟಿಟ್-ಬಿಟ್ಸ್’ ಮುಂತಾದ ನಿಯತಕಾಲಿಕಗಳು ಮನೆಯಲ್ಲಿ ಹರಡಿಕೊಂಡಿರುತ್ತಿದ್ದವು. ಅಣ್ಣ ಅವುಗಳ ಕಥೆ ಓದಿದರೆ, ಇನ್ನೂ ಅಕ್ಷರ ಕೂಡಿಸಲಾರದ ತಮ್ಮ ಚಿತ್ರಗಳನ್ನು ನೋಡುತ್ತ ಕೂರುತ್ತಿದ್ದ. ಬ್ರಿಟನ್ನಿನ ಪ್ರಸಿದ್ಧ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಸಹಿಯನ್ನು ‘ಕೌ’ ಎಂದು ಬಹುಕಾಲ ತಪ್ಪಾಗಿ ಓದಿಕೊಂಡಿದ್ದೆನೆಂದು ಲಕ್ಷ್ಮಣ್ ಹೇಳಿದ್ದಾರೆ. ಒಂದೇ ಅಂಚೆಕಟ್ಟಿನಿಂದ ಒಬ್ಬ ಕಾದಂಬರಿಕಾರ, ಒಬ್ಬ ಚಿತ್ರಕಾರ ತಮಗೆ ಬೇಕಾದ್ದನ್ನು ಆರಿಸಿಕೊಂಡರು. ಗ್ರೀನ್ ಅವರ ಕಾಗದಗಳು ಬಂದು ಸೇರಿದ್ದು ಹೀಗೆ ಹದಗೊಂಡಿದ್ದ ನೆಲಕ್ಕೆ.

ಹಡಗಿನ ಅಂಚೆಯ ಕಾಲದಲ್ಲಿ ಲಂಡನ್ನಿನ ಕಾಗದ ಬೊಂಬಾಯಿ ಮುಟ್ಟಿ, ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ ಬರಲು ಎರಡು–ಮೂರು ವಾರ ಹಿಡಿಯುತ್ತಿತ್ತು. ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯುವುದೆಂದರೆ ತಿಂಗಳ ಮೇಲಿನ ಮಾತು. 1938ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ವಿಮಾನ ಅಂಚೆ ಯೋಜನೆ ಭಾರತಕ್ಕೂ ವಿಸ್ತರಿಸಿದ ಮೇಲಷ್ಟೇ ಸಾಮಾನ್ಯ ಕಾಗದಗಳೂ ವಿಮಾನ ಹತ್ತಿದವು. ನಾರಾಯಣ್ ಅವರ ಮೊದಲ ಎರಡು ಕಾದಂಬರಿಗಳ ಮಾತುಕತೆಯೆಲ್ಲ ನಡೆದದ್ದು ಅದಕ್ಕೂ ಮೊದಲು. ಇಂಥ ನಿಧಾನಗತಿಯಲ್ಲಿ ಬರೆಯುವವರು ಹೇಳಬೇಕಾದ್ದನ್ನೆಲ್ಲ ಒಂದೇ ಕಾಗದದಲ್ಲಿ ಹೇಳಿಬಿಡಬೇಕಾಗುತ್ತದೆ: ಕರಾರಿನ ಷರತ್ತು, ತಿದ್ದುಪಡಿ, ಮನೆಯ ಕ್ಷೇಮಸಮಾಚಾರ, ಎಲ್ಲವೂ ಒಟ್ಟಿಗೆ. ಈ ಪತ್ರವ್ಯವಹಾರದ ಸ್ವಭಾವವೂ ಅದೇ.

ಥೇಮ್ಸ್ ನದಿಗೆ ಹೋಗಬೇಕಿದ್ದ ಹಸ್ತಪ್ರತಿ

1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ನಾರಾಯಣ್ ಒಂದು ನೋಟುಪುಸ್ತಕ ಕೊಂಡು ಬರೆಯಲು ಕುಳಿತರು. ಮೊದಲು ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ರೈಲುನಿಲ್ದಾಣ, ಅದರೊಂದಿಗೇ ಮಾಲ್ಗುಡಿ ಎಂಬ ಹೆಸರು. ಹೀಗೆ ಹುಟ್ಟಿದ ಕಾದಂಬರಿಗೆ ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ‘ಬೇಡ’ ಎಂದರು. ಅಷ್ಟರಲ್ಲಿ ಅವರಿಗೆ ರಾಜಂ ಅವರೊಂದಿಗೆ ಮದುವೆಯಾಗಿತ್ತು. ಸಂಸಾರ ನಡೆಸಲು ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನಿಂದ ಸುದ್ದಿ ಬರೆದು ಕಳಿಸುವ ಕೆಲಸ ಹಿಡಿದಿದ್ದರು.

ಮೈಸೂರಿನ ನೆರೆಮನೆಯ ಗೆಳೆಯ ಕಿಟ್ಟು ಪೂರ್ಣ ಆಗ ಆಕ್ಸ್‌ಫರ್ಡಿನ ಎಕ್ಸಿಟರ್ ಕಾಲೇಜಿನಲ್ಲಿ ಓದುತ್ತಿದ್ದರು. ತಿರಸ್ಕೃತವಾದ ಪ್ರತಿ ಅವರ ಕೈಸೇರುವಂತೆ ನಾರಾಯಣ್ ಏರ್ಪಾಡು ಮಾಡಿದ್ದರು. ಕೊನೆಗೆ ಬೇಸತ್ತು, ಕಲ್ಲು ಕಟ್ಟಿ ಅದನ್ನು ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಪೂರ್ಣ ಆ ಮಾತು ನಡೆಸಲಿಲ್ಲ. ಆಗ ಆಕ್ಸ್‌ಫರ್ಡಿನಲ್ಲೇ ಮನೆ ಮಾಡಿದ್ದ ಗ್ರೀನ್ ಅವರಿಗೆ ಪ್ರತಿಯನ್ನು ಒಯ್ದು ಕೊಟ್ಟರು. ಊರೂರು ತಿರುಗಿ ಸವೆದಿದ್ದ ಆ ಬೆರಳಚ್ಚು ಪ್ರತಿ ವಾರಗಟ್ಟಲೆ ಮೇಜಿನ ಮೇಲೆ ಬಿದ್ದಿತ್ತು, ಒಂದು ಮಳೆಯ ದಿನ ಕೈಗೆತ್ತಿಕೊಂಡೆ ಎಂದು ಗ್ರೀನ್ ಮುಂದೆ ನೆನಪಿಸಿಕೊಂಡಿದ್ದಾರೆ. ಓದಿ ಮೆಚ್ಚಿ, ಪ್ರಕಾಶಕ ಹ್ಯಾಮಿಶ್ ಹ್ಯಾಮಿಲ್ಟನ್‌ಗೆ ಶಿಫಾರಸು ಮಾಡಿದರು. ಕಾದಂಬರಿ ಸ್ವೀಕೃತವಾಯಿತು, ಅದಕ್ಕೆ ಗ್ರೀನ್ ಕಾರಣ ಎಂದು ಪೂರ್ಣ ಮೈಸೂರಿಗೆ ತಂತಿ ಕಳಿಸಿದರು. ಈ ಕಥೆಯಲ್ಲಿ ಪೂರ್ಣ ಅವರಿಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. ಹಸ್ತಪ್ರತಿಯನ್ನು ಕಾಪಾಡಿದ್ದೂ ಸರಿಯಾದ ಓದುಗನನ್ನು ಹುಡುಕಿದ್ದೂ ಮೈಸೂರಿನ ಆ ವಿದ್ಯಾರ್ಥಿಯೇ.

ಗ್ರೀನ್ ಆಗ ದೊಡ್ಡ ಹೆಸರಿನವರಲ್ಲ. ಮೊದಲ ಕಾದಂಬರಿ ‘ದಿ ಮ್ಯಾನ್ ವಿದಿನ್’ (1929) ಗೆದ್ದರೂ ಆಮೇಲಿನ ಎರಡು ಸೋತವು. ಅವೆರಡನ್ನೂ ಮುಂದೆ ತಮ್ಮ ಕೃತಿಪಟ್ಟಿಯಿಂದಲೇ ತೆಗೆದುಹಾಕಿದರು. 1932ರ ‘ಸ್ಟ್ಯಾಂಬೂಲ್ ಟ್ರೈನ್’ ಕೈಹಿಡಿದಿದ್ದರೂ ಜೀವನಕ್ಕೆ ಪುಸ್ತಕ ವಿಮರ್ಶೆ ಬರೆಯುವುದು ತಪ್ಪಿರಲಿಲ್ಲ. ನಾರಾಯಣ್ ಅವರಿಗಿಂತ ಅವರು ಎರಡೇ ವರ್ಷ ದೊಡ್ಡವರು. 1935ರಲ್ಲಿ ಮುಲ್ಕ್‌ರಾಜ್ ಆನಂದರ ‘ಅನ್‌ಟಚಬಲ್’ ಕಾದಂಬರಿಗೆ ಮುನ್ನುಡಿ ಬರೆದ ಇ.ಎಂ. ಫಾರ್ಸ್ಟರ್ ಆ ಹೊತ್ತಿಗೆ ಹಿರಿಯ, ಪ್ರತಿಷ್ಠಿತ ಸಾಹಿತಿ. ಗ್ರೀನ್ ನೀಡಿದ ನೆರವು ಅದಕ್ಕಿಂತ ಭಿನ್ನ. ಪುಸ್ತಕ ಮಾರಾಟವಾಗದಿದ್ದರೆ ಮನೆ ಹೇಗೆ ನಡೆಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಪತ್ರಗಳಲ್ಲಿ ಉಪದೇಶದ ದನಿಗಿಂತ ಒಂದೇ ಕಸುಬಿನವರ ದನಿ ಕೇಳುವುದಕ್ಕೆ ಇದೇ ಕಾರಣವೆಂದು ತೋರುತ್ತದೆ.

ಹೆಸರು, ಶೀರ್ಷಿಕೆ, ತಿದ್ದುಪಡಿ

ಆರಂಭದ ಕಾಗದಗಳ ವಿಷಯ ಬಹುಮಟ್ಟಿಗೆ ವ್ಯಾವಹಾರಿಕ. ‘ಸ್ವಾಮಿ, ದಿ ಟೇಟ್’ ಎಂಬುದು ಕಾದಂಬರಿಯ ಮೊದಲ ಹೆಸರು. ಟೇಟ್ ಎಂದರೆ ಇಂಗ್ಲೆಂಡಿನ ಬೌಲರ್ ಮಾರಿಸ್ ಟೇಟ್, ಕ್ರಿಕೆಟ್ ತಂಡದಲ್ಲಿ ಸ್ವಾಮಿಗೆ ಗೆಳೆಯರಿಟ್ಟ ಅಡ್ಡಹೆಸರು. ಕಿಪ್ಲಿಂಗ್‌ನ ‘ಸ್ಟಾಕಿ ಅಂಡ್ ಕಂಪನಿ’ ಜನಪ್ರಿಯವಾಗಿದ್ದ ಕಾಲ. ಅದನ್ನು ನೆನಪಿಸುವಂತೆ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಹೆಸರನ್ನು ಗ್ರೀನ್ ಸೂಚಿಸಿದರು. ಆರ್.ಕೆ. ನಾರಾಯಣಸ್ವಾಮಿ ಎಂಬ ಲೇಖಕನ ಹೆಸರೂ ಇಂಗ್ಲಿಷ್ ಓದುಗರಿಗೆ ಉದ್ದವಾಯಿತು. ಗ್ರಂಥಾಲಯಕ್ಕೆ ಬರುವವರ ನೆನಪಿನಲ್ಲಿ ಉಳಿಯದ ಹೆಸರು ಮಾರಾಟಕ್ಕೆ ಅಡ್ಡಿ ಎಂಬುದು ಗ್ರೀನ್ ಅವರ ವಾದ. ನಾರಾಯಣ್ ಒಪ್ಪಿದರು. 1935ರ ಅಕ್ಟೋಬರಿನಲ್ಲಿ ಪುಸ್ತಕ ಹೊರಬಂತು.

ಹಸ್ತಪ್ರತಿಯ ಇಂಗ್ಲಿಷನ್ನು ಗ್ರೀನ್ ಅಲ್ಲಲ್ಲಿ ತಿದ್ದಿದರು, ಕರಡಚ್ಚನ್ನೂ ತಾವೇ ನೋಡಿದರು. ವಸಾಹತುಕಾಲದ ಯಜಮಾನಿಕೆಯನ್ನು ಇದರಲ್ಲಿ ಕಾಣುವ ವಿಮರ್ಶಕರಿದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಭಾರತದ ಲೇಖಕನೊಬ್ಬ ಲಂಡನ್ನಿನಲ್ಲಿ ಅಚ್ಚಾದರೆ ಮಾತ್ರ ಲೇಖಕ ಎನ್ನಿಸಿಕೊಳ್ಳುವ ಕಾಲವದು, ಹೆಸರು ಮೊಟಕಾಗಿದ್ದೂ ಆ ಮಾರುಕಟ್ಟೆಗಾಗಿಯೇ. ಆದರೆ ತಿದ್ದುಪಡಿ ನಿಂತದ್ದು ನುಡಿಗಟ್ಟಿನ ಮಟ್ಟದಲ್ಲಿ. ಸ್ವಾಮಿಯ ಅಜ್ಜಿ, ಸರಯೂ ನದಿಯ ದಂಡೆ, ಆಲ್ಬರ್ಟ್ ಮಿಷನ್ ಶಾಲೆ ಇವುಗಳನ್ನು ಲಂಡನ್ನಿನ ಓದುಗರಿಗೆ ಬಿಡಿಸಿ ಹೇಳಬೇಕೆಂಬ ಒತ್ತಡ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ನಾರಾಯಣ್ ಅವರ ಸರಳ ವಾಕ್ಯ ಮೊದಲ ಪುಸ್ತಕದಿಂದ ಕೊನೆಯದರವರೆಗೆ ಬದಲಾಗದೆ ಉಳಿಯಿತು. ತಿದ್ದುವವರ ಕೈಗೆ ಸಂಯಮವಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ವಿಮರ್ಶೆಗಳು ಮೆಚ್ಚಿದರೂ ಪುಸ್ತಕ ಮಾರಾಟವಾಗಲಿಲ್ಲ. ಹ್ಯಾಮಿಲ್ಟನ್ ಎರಡನೆಯ ಕಾದಂಬರಿಯನ್ನು ಒಲ್ಲೆ ಎಂದಾಗ ಗ್ರೀನ್ ಅದನ್ನು ನೆಲ್ಸನ್ ಸಂಸ್ಥೆಗೆ ದಾಟಿಸಿದರು. ತಮ್ಮ ಪರಿಚಯದ ಡೇವಿಡ್ ಹೈಯಮ್ ಅವರನ್ನು ನಾರಾಯಣ್ ಅವರ ಸಾಹಿತ್ಯ ಏಜೆಂಟರನ್ನಾಗಿ ಗೊತ್ತುಮಾಡಿಕೊಟ್ಟರು. 1937ರಲ್ಲಿ ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ ಗ್ರೀನ್ ಅವರ ಮುನ್ನುಡಿಯೊಂದಿಗೆ ಬಂತು. ರಷ್ಯಾದ ಚೆಕಾಫ್ ಜೊತೆ ನಾರಾಯಣ್ ಅವರನ್ನು ಹೋಲಿಸಿದ ಆ ಮುನ್ನುಡಿ ಮುಂದಿನ ವಿಮರ್ಶೆಗೆಲ್ಲ ದಾರಿ ಹಾಕಿತು. 1938ರ ‘ದಿ ಡಾರ್ಕ್ ರೂಮ್’ ಮ್ಯಾಕ್‌ಮಿಲನ್‌ನಿಂದ. ಮೂರು ಪುಸ್ತಕ, ಮೂವರು ಪ್ರಕಾಶಕರು. ಈ ಅಲೆದಾಟದಲ್ಲಿ ಜೊತೆಗೆ ನಿಂತವರು ಗ್ರೀನ್.

ಸಾವಿನ ಮನೆಗೆ ಬಂದ ಕಾಗದ

ಪತ್ರವ್ಯವಹಾರದ ಸ್ವರ ನಿಧಾನವಾಗಿ ಬದಲಾಯಿತು. 1936ರಲ್ಲಿ ಗ್ರೀನ್‌ಗೆ ಮಗ ಫ್ರಾನ್ಸಿಸ್ ಹುಟ್ಟಿದ. ಅದೇ ವರ್ಷ ನಾರಾಯಣ್ ಅವರಿಗೆ ಮಗಳು ಹೇಮಾ. 1937ರಲ್ಲಿ ಕೃಷ್ಣಸ್ವಾಮಿ ಅಯ್ಯರ್ ತೀರಿಕೊಂಡು ಮನೆಯ ಭಾರ ಮಕ್ಕಳ ಮೇಲೆ ಬಿತ್ತು. 1939ರ ಜೂನಿನಲ್ಲಿ ರಾಜಂ ವಿಷಮಶೀತಜ್ವರದಿಂದ ತೀರಿಕೊಂಡರು. ಮದುವೆಯಾಗಿ ಆರು ವರ್ಷವೂ ತುಂಬಿರಲಿಲ್ಲ, ಮಗುವಿಗೆ ಮೂರು ವರ್ಷ.

ಈ ಸಂದರ್ಭದಲ್ಲಿ ಗ್ರೀನ್ ಬರೆದ ಸಾಂತ್ವನದ ಕಾಗದ ಇಡೀ ಸಂಗ್ರಹದಲ್ಲೇ ಹೆಚ್ಚು ನೆನಪಿಡಬೇಕಾದದ್ದು. ಮುಖವನ್ನೇ ನೋಡದವನ ಅನುಕಂಪ ಇಂಥ ಹೊತ್ತಿನಲ್ಲಿ ಎಷ್ಟು ಪೊಳ್ಳಾಗಿ ಕೇಳಬಹುದೆಂಬ ಸಂಕೋಚ ಅದರಲ್ಲಿದೆ. ಸದ್ಯಕ್ಕೆ ಬರೆಯಲಾಗದು, ಆದರೆ ಮುಂದೊಂದು ದಿನ ನೀವು ಬರೆದೇ ಬರೆಯುತ್ತೀರಿ ಎಂಬ ದೃಢ ನಂಬಿಕೆಯೂ ಇದೆ. ವೇದಾಂತ ಹೇಳಲಿಲ್ಲ, ದೇವರ ಇಚ್ಛೆ ಎನ್ನಲಿಲ್ಲ. ಗ್ರೀನ್ ಕ್ಯಾಥೊಲಿಕ್ ಧರ್ಮಕ್ಕೆ ಸೇರಿದ್ದವರು, ಆ ಮಾತಿನ ಬಳಿಗೇ ಹೋಗದೆ ಕಸುಬಿನ ಮೇಲಿನ ವಿಶ್ವಾಸವನ್ನಷ್ಟೇ ಮುಂದಿಟ್ಟರು. ನೊಂದ ಬರಹಗಾರನಿಗೆ ಇನ್ನೊಬ್ಬ ಬರಹಗಾರ ಕೊಡಬಲ್ಲದ್ದು ಅದೊಂದೇ ಎಂದು ಅವರು ಸರಿಯಾಗಿಯೇ ಬಗೆದರು.

ನಾರಾಯಣ್ ಬರೆದರು, ಆದರೆ ಕೂಡಲೇ ಅಲ್ಲ. ಮದರಾಸಿನಲ್ಲಿ ಪರಿಚಯಸ್ಥರೊಬ್ಬರ ಮೂಲಕ ಮಡಿದ ಹೆಂಡತಿಯೊಂದಿಗೆ ಮಾತಾಡುವ ಪ್ರಯತ್ನಗಳಲ್ಲಿ ತೊಡಗಿದರು. ಅದರಿಂದ ನೆಮ್ಮದಿ ಪಡೆದರು. ಆ ಅನುಭವವೇ ‘ದಿ ಇಂಗ್ಲಿಷ್ ಟೀಚರ್’ ಆಯಿತು. ಇತ್ತ ಯುದ್ಧಕಾಲ. 1940ರಲ್ಲಿ ಲಂಡನ್ನಿನ ಕ್ಲ್ಯಾಪಮ್‌ನಲ್ಲಿದ್ದ ಗ್ರೀನ್ ಅವರ ಮನೆ ಬಾಂಬಿಗೆ ಸಿಕ್ಕಿ ಹಾಳಾಯಿತು. ಅನಂತರ ಅವರು ಬ್ರಿಟಿಷ್ ಗೂಢಚಾರ ಇಲಾಖೆಯ ಕೆಲಸದ ಮೇಲೆ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ಗೆ ಹೋದರು. ಹಿಂದಿರುಗಿ 1944ರಲ್ಲಿ ಐರ್ ಅಂಡ್ ಸ್ಪಾಟಿಸ್‌ವುಡ್ ಪ್ರಕಾಶನದಲ್ಲಿ ನಿರ್ದೇಶಕರಾದರು. 1945ರಲ್ಲಿ ‘ದಿ ಇಂಗ್ಲಿಷ್ ಟೀಚರ್’ ಪ್ರಕಟವಾದದ್ದು ಆ ಸಂಸ್ಥೆಯಿಂದಲೇ. ಹೆಂಡತಿ ಸತ್ತಾಗ ‘ನೀವು ಬರೆಯುತ್ತೀರಿ’ ಎಂದವರ ಕೈಯಿಂದಲೇ ಆಕೆಯ ನೆನಪಿನ ಪುಸ್ತಕ ಹೊರಬಂತು. 1949ರ ‘ಮಿಸ್ಟರ್ ಸಂಪತ್’ ಸಹ ಅಲ್ಲಿಂದಲೇ ಬಂತು.

ರಾಜು ಸಾಯಬೇಕೆ?

ಇಬ್ಬರೂ ಮೊದಲ ಬಾರಿ ಮುಖಾಮುಖಿಯಾದದ್ದು ಸ್ನೇಹ ಶುರುವಾಗಿ ಇಪ್ಪತ್ತು ವರ್ಷಗಳ ಮೇಲೆ. 1956ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಾರಾಯಣ್ ಅಮೆರಿಕಕ್ಕೆ ಹೊರಟರು. ಅದು ಅವರ ಮೊದಲ ವಿದೇಶ ಪ್ರವಾಸ. ಆ ಪ್ರವಾಸದಲ್ಲಿ ಲಂಡನ್ನಿನಲ್ಲಿ ಗ್ರೀನ್ ಅವರನ್ನು ಕಂಡರು. ಮನಸ್ಸಿನಲ್ಲಿದ್ದ ಹೊಸ ಕಥೆಯನ್ನು ಹೇಳಿದರು: ಜೈಲಿನಿಂದ ಬಿಡುಗಡೆಯಾದ ರಾಜು ಎಂಬ ಪ್ರವಾಸಿ ಮಾರ್ಗದರ್ಶಿಯನ್ನು ಹಳ್ಳಿಯ ಜನ ಸಾಧುವೆಂದು ನಂಬುತ್ತಾರೆ, ಮಳೆಗಾಗಿ ಅವನು ಉಪವಾಸ ಕೂರಬೇಕಾಗುತ್ತದೆ. ಕೊನೆಯಲ್ಲಿ ಅವನನ್ನು ಉಳಿಸಬೇಕೋ ಸಾಯಿಸಬೇಕೋ ಎಂಬುದು ನಾರಾಯಣ್ ಅವರಿಗೆ ನಿಶ್ಚಯವಾಗಿರಲಿಲ್ಲ. ಅವನು ಸಾಯಲೇಬೇಕು ಎಂದರು ಗ್ರೀನ್. ಹುಟ್ಟುವ ಮೊದಲೇ ಸಾವಿನ ತೀರ್ಪು ಹೊತ್ತ ನಾಯಕನನ್ನು ಕಟ್ಟಿಕೊಂಡು ಹೊರಟ ತಮ್ಮ ಸ್ಥಿತಿಯನ್ನು ನಾರಾಯಣ್ ‘ಮೈ ಡೇಟ್‌ಲೆಸ್ ಡೈರಿ’ಯಲ್ಲಿ ಬರೆದುಕೊಂಡಿದ್ದಾರೆ. ಕಾದಂಬರಿಯ ಬಹುಭಾಗ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸಿದ್ಧವಾಯಿತು.

1958ರಲ್ಲಿ ಅಚ್ಚಾದ ‘ದಿ ಗೈಡ್’ ಓದಿದವರಿಗೆ ಗೊತ್ತು, ಗ್ರೀನ್ ಹೇಳಿದ್ದನ್ನು ನಾರಾಯಣ್ ಪಾಲಿಸಿದ ರೀತಿ ಅವರದೇ. ನೀರಿನಲ್ಲಿ ನಿಂತ ರಾಜು ಕಾಲ ಕೆಳಗೆ ಮಳೆಯ ಸುಳಿವನ್ನು ಕಂಡು ಕುಸಿಯುತ್ತಾನೆ. ಸತ್ತನೆಂದು ಲೇಖಕರು ಬಾಯಿಬಿಟ್ಟು ಹೇಳುವುದಿಲ್ಲ, ಮಳೆ ಬಂತೆಂದೂ ಹೇಳುವುದಿಲ್ಲ. ಗುರುವಿನ ಆಣತಿ, ಶಿಷ್ಯನ ವಿಧೇಯತೆ ಎಂದು ಈ ಸಂಬಂಧವನ್ನು ಬಣ್ಣಿಸುವವರು ಈ ಕೊನೆಯ ಪುಟವನ್ನು ಮತ್ತೆ ಓದಬೇಕು. 1960ರಲ್ಲಿ ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲಿನ ದಶಕಗಳಲ್ಲಿ ನಾರಾಯಣ್ ಅವರಿಗೆ ಶಿಫಾರಸಿನ ಅಗತ್ಯ ಉಳಿಯಲಿಲ್ಲ. ಕಾಗದಗಳು ಮಾತ್ರ ನಿಲ್ಲಲಿಲ್ಲ.

ತಮ್ಮನ ಪಾಲು

ಆ ಮನೆಗೆ ಬಂದ ಇನ್ನೊಂದು ಕಾಗದವನ್ನೂ ಇಲ್ಲಿ ನೆನೆಯಬೇಕು. ಚಿತ್ರಕಲೆ ಕಲಿಯಬೇಕೆಂದು ಲಕ್ಷ್ಮಣ್ ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿ ಕಾಣದು ಎಂಬ ಉತ್ತರ ಬಂತು. ಅವರು ಮೈಸೂರಿನ ಮಹಾರಾಜ ಕಾಲೇಜಿಗೇ ಸೇರಿದರು. ಓದುತ್ತಲೇ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಕನ್ನಡದ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಬರೆದರು. 1947ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದ ಮೇಲೆ ಅವರ ‘ಸಾಮಾನ್ಯ ಮನುಷ್ಯ’ ಇಡೀ ದೇಶಕ್ಕೆ ಪರಿಚಿತನಾದ.

ಅಣ್ಣನ ಕಥೆಗಳಿಗೆ ಮೂಲದ್ರವ್ಯವನ್ನೂ ತಮ್ಮ ಒದಗಿಸಿದ. ನಾರಾಯಣ್ ಅವರ ‘ಡೋಡು’ ಕಥೆಯ ಹುಡುಗನ ಹಿಂದೆ ಬಾಲಕ ಲಕ್ಷ್ಮಣ್ ಇದ್ದಾನೆ. ಯುದ್ಧಕಾಲದಲ್ಲಿ ಇಂಗ್ಲೆಂಡಿನ ಸಂಪರ್ಕ ದುರ್ಬಲವಾದಾಗ ನಾರಾಯಣ್ ಮೈಸೂರಿನಲ್ಲಿ ‘ಇಂಡಿಯನ್ ಥಾಟ್’ ಎಂಬ ತಮ್ಮದೇ ಪತ್ರಿಕೆ, ಪ್ರಕಾಶನ ಹುಟ್ಟುಹಾಕಿದರು. ಅದರ ಪುಸ್ತಕಗಳಲ್ಲಿ ಲಕ್ಷ್ಮಣ್ ಗೆರೆಗಳು ಕಾಣಿಸಿದವು. ಮಾಲ್ಗುಡಿ ಹೊರಗಿನ ಓದುಗರನ್ನು ಮುಟ್ಟಿದ್ದು ಗ್ರೀನ್ ಅವರ ಶ್ರಮದಿಂದ, ನಮ್ಮ ಕಣ್ಣಿಗೆ ಕಟ್ಟಿದ್ದು ಲಕ್ಷ್ಮಣ್ ಅವರ ರೇಖೆಯಿಂದ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ 1986ರಿಂದ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಸರಣಿಯ ಶೀರ್ಷಿಕೆಗಳಲ್ಲೂ ಅದೇ ರೇಖೆಗಳಿದ್ದವು. ಯಲಹಂಕ ನಿಲ್ದಾಣಕ್ಕೂ ಮೈಸೂರಿಗೂ ನಡುವಿನ ರೈಲಿಗೆ ‘ಮಾಲ್ಗುಡಿ ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟದ್ದು, ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ ಮಾಲ್ಗುಡಿ ಸಂಗ್ರಹಾಲಯವಾದದ್ದು ಈ ಊರು ಜನಮನದಲ್ಲಿ ಬೇರೂರಿದ್ದರ ಫಲ.

ಕಾದಂಬರಿಕಾರರು ಚಿತ್ರಕಾರರ ಮನೆತನಗಳಿಗೆ ಆಸರೆಯಾದ ಉದಾಹರಣೆ ಇಂಗ್ಲೆಂಡಿನಲ್ಲೇ ಇದೆ. ಚಾರ್ಲ್ಸ್ ಡಿಕನ್ಸ್ ತಮ್ಮ ಗೆಳೆಯ, ಚಿತ್ರಕಾರ ಫ್ರ್ಯಾಂಕ್ ಸ್ಟೋನ್ 1859ರಲ್ಲಿ ತೀರಿಕೊಂಡ ಮೇಲೆ ಆತನ ಮಕ್ಕಳ ಹಿತ ನೋಡಿಕೊಂಡರು. ಮಗ ಮಾರ್ಕಸ್ ಸ್ಟೋನ್‌ಗೆ ‘ಅವರ್ ಮ್ಯೂಚುಅಲ್ ಫ್ರೆಂಡ್’ ಕಾದಂಬರಿಯ ಚಿತ್ರಗಳ ಕೆಲಸ ಕೊಟ್ಟರು. ಡಿಕನ್ಸ್ ಬರೆದ 14,000ಕ್ಕೂ ಹೆಚ್ಚು ಪತ್ರಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾಗಿವೆ. ಆದರೆ ತಮಗೆ ಬಂದ ಕಾಗದಗಳನ್ನು ಅವರು 1860ರಲ್ಲಿ ತಮ್ಮ ಮನೆಯ ಹಿತ್ತಲಿನಲ್ಲಿ ರಾಶಿ ಹಾಕಿ ಸುಟ್ಟುಬಿಟ್ಟಿದ್ದರಿಂದ ಆ ಸ್ನೇಹಗಳ ಒಂದೇ ಮಗ್ಗುಲು ನಮಗೆ ದಕ್ಕಿದೆ. ಗ್ರೀನ್–ನಾರಾಯಣ್ ವಿಷಯದಲ್ಲಿ ಎರಡೂ ಕಡೆಯ ಕಾಗದಪತ್ರಗಳು ಉಳಿದಿರುವುದು ಓದುಗರ ಭಾಗ್ಯ.

ಆಕರಗಳು ಇರುವೆಡೆ

ನಾರಾಯಣ್ ಅವರ ಹಸ್ತಪ್ರತಿ ಮತ್ತು ಕಾಗದಪತ್ರಗಳ ಸಂಗ್ರಹ ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿದೆ. ಗ್ರೀನ್ ಅವರ ಗ್ರಂಥಭಂಡಾರ ಮತ್ತು ಕಾಗದಗಳಲ್ಲಿ ದೊಡ್ಡ ಪಾಲು ಅದೇ ನಗರದ ಅಂಚಿನ ಬಾಸ್ಟನ್ ಕಾಲೇಜಿನ ಬರ್ನ್ಸ್ ಗ್ರಂಥಾಲಯದಲ್ಲಿದ್ದು, ಉಳಿದವು ಜಾರ್ಜ್‌ಟೌನ್ ವಿಶ್ವವಿದ್ಯಾಲಯ, ಟೆಕ್ಸಾಸಿನ ಹ್ಯಾರಿ ರ‍್ಯಾನ್ಸಮ್ ಕೇಂದ್ರ ಮೊದಲಾದೆಡೆ ಹಂಚಿಹೋಗಿವೆ. ನಾರಾಯಣ್ ಕಟ್ಟಿಸಿದ ಮೈಸೂರಿನ ಯಾದವಗಿರಿಯ ಮನೆ 2011ರಲ್ಲಿ ನೆಲಸಮವಾಗುವ ಅಂಚಿಗೆ ಬಂದು, ಜನರ ಒತ್ತಾಯದಿಂದ ಉಳಿದು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದರ ಕೋಣೆಗಳಲ್ಲಿ ಈ ಪತ್ರಗಳ ಪ್ರತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಟ್ಟರೆ ಊರಿಗೆ ಸಲ್ಲಬೇಕಾದ್ದು ಸಂದಂತಾಗುತ್ತದೆ.

ನಾರಾಯಣ್ ಅವರ ಆತ್ಮಕಥೆ ‘ಮೈ ಡೇಸ್’ (1974) ಗ್ರೀನ್ ಸ್ನೇಹದ ಮೊದಲ ಘಟ್ಟವನ್ನು ಅವರದೇ ಬಾಯಲ್ಲಿ ಹೇಳುತ್ತದೆ. ಸೂಸನ್ ರಾಮ್ ಮತ್ತು ಎನ್. ರಾಮ್ ಬರೆದ 1996ರ ಜೀವನಚರಿತ್ರೆ 1945ರವರೆಗಿನ ಪತ್ರಗಳನ್ನು ವಿಸ್ತಾರವಾಗಿ ಬಳಸಿಕೊಂಡಿದೆ. ಮಿಕ್ಕ ಎಲ್ಲ ಕೃತಿಗಳಿಗಿಂತ ಹೆಚ್ಚು ನೆಚ್ಚಬಹುದಾದ ಆಕರ ಇದು. ರಿಚರ್ಡ್ ಗ್ರೀನ್ ಸಂಪಾದಿಸಿದ ಗ್ರಹಾಂ ಗ್ರೀನ್ ಅವರ ಆಯ್ದ ಪತ್ರಗಳ ಸಂಪುಟದಲ್ಲಿ (2007) ನಾರಾಯಣ್ ಅವರಿಗೆ ಬರೆದ ಕಾಗದಗಳೂ ಸೇರಿವೆ. ಗ್ರೀನ್ 1991ರ ಏಪ್ರಿಲ್ 3ರಂದು ಸ್ವಿಟ್ಜರ್ಲೆಂಡಿನ ವೆವೇಯಲ್ಲಿ, ನಾರಾಯಣ್ 2001ರ ಮೇ 13ರಂದು ಚೆನ್ನೈನಲ್ಲಿ ನಿಧನರಾದರು.